ಕೆರೆಯಲ್ಲಿ ತೇಲಿದ ಮತಪತ್ರಗಳು

ಬಟ್ಟೆ ಒಗೆಯಲು ಕೆರೆಗಿಳಿದ ಹೆಂಗಸಿನ ಕಾಲಿಗೆ ಕಾಗದವೊಂದು ಅಂಟಿಕೊಂಡಿತು. ಕೊಡವಿದಳು. ಇನ್ನೊಂದು ಅಂಟಿತು. ಬಗ್ಗಿ ನೋಡಿದರೆ ನೀರಿನ ತುಂಬ ಮತಪತ್ರಗಳು! ಏಣಿ, ಕೊಡೆ ಎರಡು ಗುರುತೂ ಸ್ಪಷ್ಟವಾಗಿದ್ದವು. ಒತ್ತಿದ ಮುದ್ರೆಯ ಶಾಯಿ ಮಾತ್ರ ಕದಡಿಹೋಗಿತ್ತು.

ಇನ್‌ಸ್ಪೆಕ್ಟರಮ್ಮ ಜೀಪಿಳಿಯುವ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಎರಡೂ ಬೀದಿಯವರು ತೋಳೇರಿಸಿ ನಿಂತಿದ್ದರು.

ಆ ಊರಿನ ರಾಜಕೀಯ ತಿಳಿಯಲು ಪಂಡಿತರೇನೂ ಬೇಕಿರಲಿಲ್ಲ. ಮೇಲಿನ ಬೀದಿ ಏಣಿಗೆ, ಕೆಳಗಿನ ಬೀದಿ ಕೊಡೆಗೆ. ತಾತಂದಿರ ಕಾಲದಿಂದ ಹೀಗೇ. ಕೆಳಗಿನ ಬೀದಿಯ ಹುಡುಗಿ ಮೇಲಿನ ಬೀದಿಗೆ ಸೊಸೆಯಾಗಿ ಹೋದರೆ, ಗಂಡನ ಮನೆಯ ಜೊತೆ ಅವನ ಪಕ್ಷವನ್ನೂ ಒಪ್ಪಿಕೊಳ್ಳುತ್ತಿದ್ದಳು. ಈ ಸಲ ಪಂಚಾಯಿತಿಗೆ ಎದುರುಬದುರು ನಿಂತವರು ಒಡಹುಟ್ಟಿದ ಅಣ್ಣತಮ್ಮ. ಅಣ್ಣ ಬಡಗಿ, ಏಣಿ. ತಮ್ಮ ಪ್ರೆಸ್ಸಿನವನು, ಕೊಡೆ. ಬೀದಿಗಳು ಕೂಡುವ ಮೂಲೆಮನೆಯಲ್ಲಿ ಇಬ್ಬರ ತಾಯಿ; ಇಬ್ಬರಿಗೂ ಮಧ್ಯಾಹ್ನದ ಊಟ ಅಲ್ಲೇ.

"ನಿನ್ನೆ ಸಂಜೆ ಪೆಟ್ಟಿಗೆಗೆ ಮೊಹರು ಹಾಕಿ ಶಾಲೇಲಿಟ್ಟಿದ್ದು ನಾನೇ ಮೇಡಂ," ಎಂದರು ಚುನಾವಣೆ ನಡೆಸಿದ ಹೆಡ್‌ಮಾಸ್ಟರು. "ಬೆಳಿಗ್ಗೆ ಎಣಿಸೋಕೆ ತೆಗೆದಾಗ ಮೊಹರಿಗೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಚೀಟಿಗಳ ಲೆಕ್ಕನೂ ತಾಳೆ ಆಯ್ತು. ಏಣಿ ಗೆದ್ದಿದೆ."

"ಹಾಗಾದ್ರೆ ಕೆರೇಲಿರೋದು?"

"ನಕಲಿ. ಮತಪತ್ರ ಅಚ್ಚಾಗಿದ್ದು ತಮ್ಮನ ಪ್ರೆಸ್ಸಲ್ಲೇ. ಸೋಲ್ತೀನಿ ಅಂತ ಗೊತ್ತಾಗಿ ಗಲಾಟೆ ಎಬ್ಬಿಸಿದಾನೆ."

ತಮ್ಮ ಆಗಲೇ ಬೆಂಚಿನ ಮೇಲೆ ಪೊಲೀಸರ ನಡುವೆ ಕೂತಿದ್ದ. "ನನ್ನ ಪ್ರೆಸ್ಸು ಹೌದು. ಆದ್ರೆ ಬೀಗದ ಕೈ ಅಮ್ಮನ ಮನೆ ಗೋಡೇಲೇ ನೇತಾಡ್ತಿರುತ್ತೆ. ಯಾರು ಬೇಕಾದ್ರೂ ತಗೋಬಹುದು," ಎಂದ. ಮೇಲಿನ ಬೀದಿಯವರು ಕಿಸಕ್ಕನೆ ನಕ್ಕರು.

ಇನ್‌ಸ್ಪೆಕ್ಟರಮ್ಮ ನಗಲಿಲ್ಲ. "ಕೆಟ್ಟ ಓಟು ಎಷ್ಟು?"

"ಒಂದೂ ಇಲ್ಲ!" ಹೆಡ್‌ಮಾಸ್ಟರು ಎದೆಯುಬ್ಬಿಸಿದರು. ಅವರು ಈ ಊರಿಗೆ ವರ್ಗವಾಗಿ ಬಂದದ್ದು ಈಚೆಗೆ.

ಹಿಂದೆ ನಿಂತಿದ್ದ ಚಹಾದಂಗಡಿಯವನು ತಲೆ ಕೆರೆದುಕೊಂಡ. "ಒಂದೂ ಇಲ್ವಾ? ಹಾಗಾದ್ರೆ ಮೂಲೆಮನೆ ಅಜ್ಜಿದು ಎಲ್ಲೋಯ್ತು?"

* * *

ಅಜ್ಜಿ ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು.

"ನಿನ್ನೆ ಓಟು ಹಾಕಿದ್ರಾ ಅಜ್ಜಿ?"

"ಹಾಕ್ದೆ ಇರ್ತೀನಾ? ಎರಡಕ್ಕೂ ಒತ್ತಿದೆ. ಯಾವಾಗ್ಲೂ ಹಾಗೇನೇ. ಹೆತ್ತವಳು ಒಬ್ಬನಿಗೆ ಒತ್ತಿ ಇನ್ನೊಬ್ಬನ್ನ ಬಿಡೋಕಾಗುತ್ತಾ?"

ಇದು ಊರಿಗೆಲ್ಲ ಗೊತ್ತಿದ್ದ ತಮಾಷೆ. ಮಕ್ಕಳು ಬೇರೆ ಬೇರೆ ಪಕ್ಷ ಹಿಡಿದಾಗಿನಿಂದ ಪ್ರತಿ ಎಣಿಕೆಯಲ್ಲೂ ಎರಡು ಮುದ್ರೆ ಬಿದ್ದು ಕೆಟ್ಟ ಚೀಟಿಯೊಂದು ಹೊರಬೀಳುತ್ತಿತ್ತು. ಅದು ಬಂದಾಗ ಎರಡೂ ಬೀದಿಯವರು ಒಟ್ಟಿಗೆ ನಗುತ್ತಿದ್ದರು.

ಅಲ್ಲಿಗೆ ಒಂದು ಸಂಗತಿ ಖಚಿತವಾಯಿತು. ಕೆರೆಯಲ್ಲಿದ್ದವೇ ಅಸಲಿ, ಪೆಟ್ಟಿಗೆಯಲ್ಲಿದ್ದವೇ ನಕಲಿ. ಆದರೆ ಊರಿಗೆಲ್ಲ ಗೊತ್ತಿದ್ದುದನ್ನು ಕಳ್ಳ ಮರೆತದ್ದಾದರೂ ಹೇಗೆ? ಇನ್‌ಸ್ಪೆಕ್ಟರಮ್ಮ ಯೋಚಿಸುತ್ತ ಶಾಲೆಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ಅವಳ ಹೆಜ್ಜೆ ಚುರುಕಾಯಿತು.

* * *

"ಅಣ್ಣತಮ್ಮ ಇಬ್ಬರಿಗೂ ಒಂದೇ ಪ್ರಶ್ನೆ," ಎಂದಳು, ಎಲ್ಲರಿಗೂ ಕೇಳುವಂತೆ. "ನಿಮ್ಮಮ್ಮ ನಿನ್ನೆ ಯಾರಿಗೆ ಓಟು ಹಾಕಿದ್ರು?"

"ಇಬ್ಬರಿಗೂ. ಇದೇನು ಹೊಸದಾ?" ಎಂದ ತಮ್ಮ.

ಬಡಗಿ ತಲೆಯೆತ್ತಿ ನಿಂತ. "ಈ ಸಲ ನನಗೆ. ನನಗೊಬ್ಬನಿಗೇ."

ಅಂಗಳವೆಲ್ಲ ಗೊಳ್ಳೆಂದಿತು. ಬಡಗಿಯ ಮುಖ ಕೆಂಪೇರಿತು. "ನಗಬೇಡಿ! ಅಮ್ಮ ಮಾತು ಕೊಟ್ಟಿದ್ಲು!"

"ಪೆಟ್ಟಿಗೆ ಮಗುಚಿ," ಎಂದಳು ಇನ್‌ಸ್ಪೆಕ್ಟರಮ್ಮ.

ಮರದ ಪೆಟ್ಟಿಗೆ ತಲೆಕೆಳಗಾಯಿತು. ಹಲಗೆ ಹಳೆಯದು. ತಳದ ಸ್ಕ್ರೂಗಳ ತಲೆಯ ಮೇಲೆ ಮಾತ್ರ ಹೊಸ ಗೀರುಗಳು ಮಿನುಗುತ್ತಿದ್ದವು.

"ಇದನ್ನ ಮಾಡಿಕೊಟ್ಟಿದ್ದು ನೀವೇ ಅಲ್ವಾ? ಮೇಲಿನ ಮೊಹರು ಮುಟ್ಟದೆ ತಳ ಬಿಚ್ಚೋದು ನಿಮಗೆ ಗೊತ್ತು. ದಿನಾ ಅಮ್ಮನ ಮನೆಗೆ ಊಟಕ್ಕೆ ಹೋಗ್ತೀರಿ, ಪ್ರೆಸ್ಸಿನ ಕೀಲಿ ಕೈಗೆ ಸಿಗುತ್ತೆ. ಅಸಲಿ ಚೀಟಿಗಳಿಗೆ ಕಲ್ಲು ಕಟ್ಟಿ ಮುಳುಗಿಸಿದ್ರಿ, ಗಂಟು ಬಿಚ್ಕೊಳ್ತು. ಬೇರೆ ಯಾರೇ ಈ ಕೆಲಸ ಮಾಡಿದ್ರೂ ಅಜ್ಜಿ ಹೆಸರಲ್ಲಿ ಎರಡು ಮುದ್ರೆ ಒತ್ತಿರೋರು. ಆಕೆ ಒಬ್ಬರಿಗೇ ಹಾಕ್ತಾರೆ ಅಂತ ನಂಬಿದ್ದು ಇಡೀ ಊರಲ್ಲಿ ನೀವೊಬ್ಬರೇ."

ಜನರ ಹಿಂದಿನಿಂದ ಅಜ್ಜಿ ದಾರಿ ಮಾಡಿಕೊಂಡು ಮುಂದೆ ಬಂದಳು.

"ನನಗೊಬ್ಬನಿಗೇ ಹಾಕು ಅಂತ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದೆಯಲ್ಲೋ. ಆಗ ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಒಳಗೆ ಹೋಗಿ ನಿಂತಾಗ ಚಿಕ್ಕವನ ಮುಖ ಕಣ್ಮುಂದೆ ಬಂತು."

ಬಡಗಿ ಮೆಟ್ಟಿಲ ಮೇಲೆ ಕುಸಿದ. "ಅಷ್ಟೂ ಓಟು ನಾನೇ ಒತ್ತಿದ್ದು ಅಮ್ಮ. ಅದರಲ್ಲಿ ನಿಂದೊಂದೇ ನಿಜವಾದ್ದು ಅಂದ್ಕೊಂಡಿದ್ದೆ."

ಯಾರೂ ನಗಲಿಲ್ಲ. ತಮ್ಮ ಬೆಂಚಿನಿಂದೆದ್ದು ಹೋಗಿ ಅಣ್ಣನ ಪಕ್ಕ ಕೂತ.

* * *

ಬಡಗಿಯನ್ನು ಜೀಪಿಗೆ ಹತ್ತಿಸಿದರು. ಹೆಡ್‌ಮಾಸ್ಟರು ಮರುಮತದಾನ, ಏಣಿಗೆ ಬೇರೆಯವರು ನಿಲ್ಲಬಹುದು ಎಂದು ಸಾರಿದರು. ಅಜ್ಜಿ ಜೀಪಿನ ಬಾಗಿಲು ಹಿಡಿದು ನಿಂತಳು.

"ಇನ್ನೊಂದ್ಸಲ ಓಟು ಹಾಕ್ಬೇಕೇನಮ್ಮ?"

"ಹೌದು ಅಜ್ಜಿ."

"ದೊಡ್ಡವನ ಹೆಸರು ಚೀಟೀಲಿ ಇರುತ್ತಾ?"

ಇನ್‌ಸ್ಪೆಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ನನಗೆ ಕಾಯಬೇಡಿ ಅನ್ನು," ಎಂದು ಅಜ್ಜಿ ಬಾಗಿಲು ಬಿಟ್ಟಳು.