ಫೈಲಿನಲ್ಲಿಲ್ಲದ ಮೇಲ್

ಬೆಳಿಗ್ಗೆ ಹತ್ತಕ್ಕೇ ನಮ್ಮ ಮುದ್ರಣಾಲಯದ ಮಾಲೀಕರು ಟೈಪಿಸ್ಟ್ ಅಕ್ಕನ ಮೇಲೆ ಹರಿಹಾಯುತ್ತಿದ್ದರು. ಕಚೇರಿಯ ಇಮೇಲ್ ಯಾರದೋ ಕೈಸೇರಿ, ನಮ್ಮ ಹೆಸರಿನಲ್ಲಿ ಲೇಖಕರಿಗೆಲ್ಲ ಮೋಸದ ಮೇಲ್‌ಗಳು ಹೋಗಿದ್ದವು. ಪಾಸ್‌ವರ್ಡ್ ಗೊತ್ತಿದ್ದದ್ದು ಇವರಿಬ್ಬರಿಗೇ.

"ಇಪ್ಪತ್ನಾಲ್ಕು ಗಂಟೇಲಿ ಮೇಲ್ ಬಂದ್ ಆಗುತ್ತೆ ಅಂತ ಯಾವನೋ ಹೆದರಿಸಿದ್ದಾನೆ, ಇವಳು ಪಾಸ್‌ವರ್ಡ್ ಕೊಟ್ಟು ಕೂತಿದ್ದಾಳೆ! ನಾಳೆಯಿಂದ ಬರಬೇಡ."

"ನಾನು ಯಾರಿಗೂ ಕೊಟ್ಟಿಲ್ಲ ಸಾರ್," ಎಂದು ಅಕ್ಕ ಅತ್ತಳು. ಹನ್ನೊಂದು ವರ್ಷ ದುಡಿದ ಜಾಗ. ನನಗೆ ಮೈಯೆಲ್ಲ ಉರಿಯಿತು. ಆದರೆ ನನ್ನಂಥ ಪ್ರೂಫ್ ನೋಡುವವನ ಮಾತು ಯಾರು ಕೇಳುತ್ತಾರೆ? ಮಹಡಿ ಹತ್ತಿ ನನ್ನ ಸೋದರತ್ತೆಯನ್ನು ಕರೆತಂದೆ. ಬೈಂಡಿಂಗ್ ಕೆಲಸದಿಂದ ನಿವೃತ್ತಳಾಗಿ ಅಲ್ಲೇ ವಾಸವಿದ್ದ ಆಕೆ ನಮ್ಮ ಕಟ್ಟಡದ ಪತ್ತೇದಾರಿಣಿ.

ಅತ್ತೆ ಕೇಳಿದ್ದು ಫೈಲನ್ನು. ಮಾಲೀಕರಿಗೆ ಕಂಪ್ಯೂಟರ್ ಎಂದರೆ ಆಗದು. ಬಂದ ಪ್ರತಿ ಮೇಲನ್ನೂ ಅಕ್ಕ ಕಾಗದಕ್ಕಿಳಿಸಿ, ನಂಬರ್ ಹಾಕಿ, ಫೈಲಿಗೆ ಸೇರಿಸಿ ಅವರ ಮೇಜಿಗಿಡಬೇಕು, ಜಾಹೀರಾತನ್ನೂ ಬಿಡುವಂತಿಲ್ಲ. ಅತ್ತೆ ಒಂದು ಗಂಟೆ ಹಾಳೆ ಮಗುಚುತ್ತಲೇ ಇದ್ದಳು. ನಾನು ಹಲ್ಲು ಕಡಿಯುತ್ತ ನಿಂತೆ. ನಡುವೆ ಮಾಲೀಕರ ಜೇಬಿನಲ್ಲಿ ಹೊಸ ಮೊಬೈಲ್ ಎರಡು ಸಲ ಸದ್ದು ಮಾಡಿತು.

ಕೊನೆಗೆ ಎಲ್ಲರನ್ನೂ ಬೈಂಡಿಂಗ್ ಮೇಜಿನ ಸುತ್ತ ಸೇರಿಸಿದಳು. "ನಂಬರ್ ಒಂದೂ ತಪ್ಪಿಲ್ಲ. ಹೆದರಿಸೋ ಮೇಲ್ ಮಾತ್ರ ಇದರಲ್ಲಿಲ್ಲ."

"ಇವಳೇ ಬಚ್ಚಿಟ್ಟಿರ್ತಾಳೆ!"

"ಇರಬಹುದು ಯಜಮಾನ್ರೇ. ಹಾಗಿದ್ರೆ ಅದರಲ್ಲಿ ಇಪ್ಪತ್ನಾಲ್ಕು ಗಂಟೆ ಅಂತ ಇದ್ದದ್ದು ನಿಮಗೆ ಹೇಗೆ ಗೊತ್ತಾಯ್ತು?"

ಮಾಲೀಕರ ಕೈ ಜೇಬಿನ ಮೇಲೆ ಹೋಯಿತು.

"ಕಾಗದದಲ್ಲಿ ನೋಡಿಲ್ಲ ಅಂದ್ರೆ ಮೊಬೈಲಲ್ಲೇ ನೋಡಿರಬೇಕು. ಕೊಡಿ ಇಲ್ಲಿ."

ಮೇಲ್ ಅದರಲ್ಲೇ ಇತ್ತು, ಕಚೇರಿಯ ವಿಳಾಸಕ್ಕಲ್ಲ, ಮಾಲೀಕರ ಸ್ವಂತ ವಿಳಾಸಕ್ಕೆ ಬಂದದ್ದು. ಅತ್ತೆ ಬೆರಳಿಟ್ಟು ತೋರಿಸಿದಳು: "ಮೇಲೆ ಇಮೇಲ್ ಕಂಪನಿ ಹೆಸರು. ಅದನ್ನ ಒತ್ತಿದ್ರೆ ಕಳಿಸಿದವನ ವಿಳಾಸ ಬೇರೇನೇ. ಯೋಚನೆ ಮಾಡೋಕೆ ಬಿಡದ ಆತುರ. ಕೊನೇಲಿ ಪಾಸ್‌ವರ್ಡ್ ಕೇಳೋ ಲಿಂಕು. ಕಂಪನಿಯವರು ಹೀಗೆ ಕೇಳಲ್ಲ. ಅನುಮಾನ ಬಂದ್ರೆ ಲಿಂಕ್ ಮುಟ್ಟದೆ, ನಮ್ಮ ಹತ್ರ ಮೊದಲೇ ಇರೋ ನಂಬರಿಗೆ ಫೋನ್ ಮಾಡಿ ಕೇಳಬೇಕು."

"ಗಾಬರೀಲಿ ನಾನೇ ಕೊಟ್ಟುಬಿಟ್ಟೆ," ಎಂದರು ಮಾಲೀಕರು ನೆಲ ನೋಡುತ್ತ. ಅಕ್ಕನ ಹನ್ನೊಂದು ವರ್ಷದ ದುಡಿಮೆಗೆ ಇಷ್ಟೇ ಬೆಲೆಯೇ? ನನ್ನ ಸಿಟ್ಟು ಇಳಿಯಲಿಲ್ಲ. "ನಾಳೆ ಬಾಮ್ಮ," ಎಂದರು ಅವರು.

ಅಕ್ಕ ಕಣ್ಣೊರೆಸಿಕೊಂಡು ಲೇಖಕರ ಪಟ್ಟಿಯನ್ನೂ ಟೆಲಿಫೋನನ್ನೂ ಅವರ ಮುಂದಿಟ್ಟಳು. "ಬರ್ತೀನಿ ಸಾರ್. ಮೋಸದ ಮೇಲ್ ನಂಬಬೇಡಿ ಅಂತ ಇವರಿಗೆಲ್ಲ ಈಗಲೇ ಹೇಳಿ. ಪಾಸ್‌ವರ್ಡ್ ಕೊಟ್ಟಿದ್ದು ಯಾರು ಅನ್ನೋದನ್ನೂ ಹೇಳಿ."

ಪಟ್ಟಿಯಲ್ಲಿ ನಲವತ್ತು ಹೆಸರಿದ್ದವು. ನಲವತ್ತೂ ಕರೆ ಮುಗಿಯುವವರೆಗೆ ಅಕ್ಕ ಅಲ್ಲಿಂದ ಕದಲಲಿಲ್ಲ.