ಕಾವು ಕೂತ ಓಬಳ

ಬಲು ಹಿಂದಿನ ಮಾತು. ಹೊಂಗರಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದ ಅಂಚಿನ ಹಟ್ಟಿಯಲ್ಲಿ ಓಬಳ ಎಂಬ ಹುಡುಗನಿದ್ದ. ಆರಿದ್ರಾ ಮಳೆ ಹಿಡಿದ ಮಂಗಳವಾರ, ಕೂಲಿಮಠದ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಾಗ, ಅವನು ಮೊದಲ ಸಲ ಎದ್ದು ಹೊರಟ.

“ಎಲ್ಲಿಗೋ?” ಅಂದರು ಅಯ್ಯನವರು.

“ನೀರು ಕುಡಿದು ಬರ್ತೀನಿ ಅಯ್ಯನೋರೆ.”

ನೀರು ಕುಡಿಯಲು ಹೋದವನು ಮೂರು ಹೊಳೆ ದಾಟಿಬಿಟ್ಟ.

ಅವನ ಅಪ್ಪ ಅವ್ವ ಮೊದಲೇ ತೀರಿಹೋಗಿದ್ದರು. ಸಾಕಿದವಳು ಅಕ್ಕ ಮಾಳವ್ವ, ಹಿತ್ತಿಲ ತುಂಬ ಕೋಳಿ ಕಟ್ಟಿಕೊಂಡು ಬದುಕಿದವಳು. ವರ್ಷಕ್ಕೋ ಎರಡು ವರ್ಷಕ್ಕೋ ಓಬಳ ಮೈಗೆಲ್ಲ ಧೂಳು ಮೆತ್ತಿಕೊಂಡು ಬರುತ್ತಿದ್ದ. ಉಪ್ಪಿನ ಎತ್ತುಗಳ ಹಿಂದೆ ಹೋಗಿದ್ದೆ ಅನ್ನುತ್ತಿದ್ದ, ಗೊಂಬೆ ಆಡಿಸುವವರ ಪೆಟ್ಟಿಗೆ ಹೊತ್ತಿದ್ದೆ ಅನ್ನುತ್ತಿದ್ದ. ಅಕ್ಕ ಮುದ್ದೆ ಇಕ್ಕಿ, ಅವನು ಉಂಡು ಕೈ ತೊಳೆಯುವಷ್ಟರಲ್ಲಿ ಕಣ್ಣು ಆಗಲೇ ದಾರಿಗೆ ಹೋಗಿರುತ್ತಿತ್ತು.

“ನಿನ್ನ ಕುಂಡೆಗೂ ನೆಲಕ್ಕೂ ಅದೇನು ಹಗೆಯೋ,” ಅನ್ನುತ್ತಿದ್ದಳು ಮಾಳವ್ವ. “ನನ್ನ ಕೋಳಿ ಮೂರು ವಾರ ಕೂತಲ್ಲೇ ಕೂತಿರುತ್ತೆ. ನಿನಗೆ ಮೂರು ಗಳಿಗೆ ಆಗಲ್ಲ.”

ಒಂದು ಸಲ ಹೀಗೇ ಬಂದಾಗ ಹಟ್ಟಿ ಬೇರೆಯಾಗಿತ್ತು. ಕೋಳಿಗಳಿದ್ದವು. ಮನೆಮನೆಯಲ್ಲೂ ಮಂಕರಿ ತುಂಬ ಮೊಟ್ಟೆಗಳಿದ್ದವು. ಒಂದು ಕೋಳಿಪಿಳ್ಳೆಯೂ ಇರಲಿಲ್ಲ. ಎಲ್ಲಿ ಕಿವಿಗೊಟ್ಟರೂ ಚಿಂವ್ ಅನ್ನುವ ಸದ್ದಿಲ್ಲ. ಮಾಳವ್ವ ಜಗುಲಿಯ ಮೇಲೆ ಕೂತಿದ್ದಳು. ಮಡಿಲಲ್ಲಿ ಒಂದು ಕೂಸು, ಎಷ್ಟೋ ಹರಕೆ ಹೊತ್ತ ಮೇಲೆ ತಲೆ ನರೆಯುವ ಕಾಲಕ್ಕೆ ಹುಟ್ಟಿದ ಮಗಳು. ಕೂಸು ಕಣ್ಣು ತೆರೆದಿತ್ತು, ಆದರೆ ಅಳುತ್ತಿರಲಿಲ್ಲ. ಓಬಳ ಅದರ ಕೆನ್ನೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. ಕೆರೆಯ ತಳದ ಕಲ್ಲಿನ ಹಾಗೆ ತಣ್ಣಗಿತ್ತು.

“ಏನಕ್ಕಾ ಇದು?”

“ಕೊಡದಯ್ಯ ಬಂದಿದ್ದ ಕಣೋ,” ಅಂದಳು ಮಾಳವ್ವ.

ನಡೆದದ್ದು ಇಷ್ಟು. ಕಾವಿಗೆ ಬಂದ ಕೋಳಿ ಮೊಟ್ಟೆ ಇಡುವುದಿಲ್ಲ. ಗೂಡು ಬಿಟ್ಟು ಏಳುವುದಿಲ್ಲ, ಮೈ ಕೆಂಡವಾಗಿರುತ್ತದೆ, ಹತ್ತಿರ ಹೋದರೆ ಗರಿ ಕೆದರಿ ಕುಕ್ಕುತ್ತದೆ. ಮರಿ ಬೇಡ, ಮೊಟ್ಟೆ ಬೇಕು ಅನ್ನುವವರು ಅದನ್ನು ಹಿಡಿದು ಬಾನಿಯ ತಣ್ಣೀರಲ್ಲಿ ಮುಳುಗಿಸಿ, ಮೂಗಿಗೊಂದು ಪುಕ್ಕ ಚುಚ್ಚಿ ಬಿಡುತ್ತಾರೆ. ಕಾವು ಬಿಡುತ್ತದೆ. ಕೋಳಿ ನಾಲ್ಕು ದಿನ ಪೆಚ್ಚಾಗಿ ಓಡಾಡಿ ಮತ್ತೆ ಮೊಟ್ಟೆಗೆ ಬೀಳುತ್ತದೆ. ಹಟ್ಟಿಗೆ ಇದು ಹೊಸದಲ್ಲ. ಒಂದೆರಡಕ್ಕೆ ಹೀಗೆ ಮಾಡಿ, ಉಳಿದವನ್ನು ಮೊಟ್ಟೆಯ ಮೇಲೆ ಕೂರಿಸುತ್ತಿದ್ದರು.

ಹಾಗಿರುವಾಗ ಹೆಗಲ ಅಡ್ಡೆಗೆ ತಾಮ್ರದ ಕೊಡ ಕಟ್ಟಿಕೊಂಡ ಒಬ್ಬ ಬಂದ. “ತಾಯೀ, ಕೋಳಿ ಮುಳುಗಿಸಿದ ನೀರು ಚೆಲ್ಲಬೇಡಿ. ನನಗೆ ಹಾಕಿ,” ಅಂದ. ನೀರಿಗೆ ಬದಲು ಒಂದು ಹಿಡಿ ನವಣೆ ಕೊಟ್ಟ. ಆ ನವಣೆ ತಿಂದ ಕೋಳಿ ದಿನಕ್ಕೆ ಎರಡು ಮೊಟ್ಟೆ ಇಟ್ಟಿತು. ಆಮೇಲೆ ಕೇಳಬೇಕೆ? ಕಾವಿಗೆ ಬಂದ ಕೋಳಿಯನ್ನೆಲ್ಲ ಜನ ಮುಳುಗಿಸಿದರು. ಕಾವಿಗೆ ಬರದ ಕೋಳಿಯನ್ನೂ ಮುಳುಗಿಸಿದರು. ಹಟ್ಟಿಯಾಯಿತು, ಪೇಟೆಯಾಯಿತು, ಅರಮನೆಯ ಹಿತ್ತಿಲೂ ಆಯಿತು. ಕೋಳಿಗಳ ಕಾವೆಲ್ಲ ಆ ನೀರಿಗೆ ಇಳಿದಿತ್ತು. ಕೊಡದಯ್ಯ ಮಂತ್ರವಾದಿ. ಕೊಡ ಕೊಡವಾಗಿ ರಾಜ್ಯದ ಕಾವನ್ನು ಹೊತ್ತುಕೊಂಡು ಹೋದ. ಕೋಳಿಗಳದು ಮುಗಿದ ಮೇಲೆ ತಾಯಂದಿರ ಮಡಿಲ ಕಾವೂ ಅದರ ಹಿಂದೆಯೇ ಹೋಯಿತು. ಕೂಸುಗಳು ಅಳುವುದು ಬಿಟ್ಟವು, ಬೆಳೆಯುವುದು ಬಿಟ್ಟವು.

“ನೀನೂ ಕೊಟ್ಟೆಯೇನಕ್ಕಾ?”

“ಎಲ್ಲರೂ ಕೊಟ್ರು,” ಅಂದಳು ಮಾಳವ್ವ. “ಸುಗ್ಗಿಯೊಳಗೆ ಕಾವು ತಿರುಗಿ ಬರದಿದ್ರೆ ಕೂಸುಗಳು ಕಲ್ಲಾಗ್ತವಂತೆ. ಅರಸರು ದಂಡು ಕಳಿಸಿದ್ರು. ದಂಡಿಗೆ ಅವನ ಕೋಟೆ ಬಾಗಿಲೇ ಕಾಣಲಿಲ್ಲವಂತೆ.”

“ನಾನು ಹೋಗ್ತೀನಿ.”

“ಹೋಗೋದು ನಿನಗೇನು ಹೊಸದಾ?” ಅಂದಳು ಅಕ್ಕ. ಆದರೂ ಬುತ್ತಿ ಕಟ್ಟಿಕೊಟ್ಟಳು.

ದಂಡಿಗೆ ಕಾಣದ ಬಾಗಿಲು ದಾರಿ ತಪ್ಪಿದವನಿಗೆ ಕಾಣುತ್ತದೆ. ಓಬಳ ಬೇಕೆಂದೇ ದಾರಿ ತಪ್ಪಿದ. ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದೊಂದೇ. ತಪ್ಪಿ ತಪ್ಪಿ ಒಂದು ಕಗ್ಗಲ್ಲಿನ ಕೋಟೆಗೆ ಬಂದ. ಅಂಗಳದ ತುಂಬ ಕಲ್ಲಿನ ಮನುಷ್ಯರು ನಿಂತಿದ್ದರು. ಒಳಗೆ ನೆಲದಿಂದ ಸೂರಿನವರೆಗೆ ತಾಮ್ರದ ಕೊಡಗಳಿದ್ದವು, ಎಲ್ಲದರ ಬಾಯಿಗೂ ಅರಗು ಮೆತ್ತಿತ್ತು. ನಡುವೆ ಮೊಣಕಾಲೆತ್ತರದ ಕರಿ ಮೊಟ್ಟೆ. ಅದರ ಪಕ್ಕದಲ್ಲಿ ರಾಶಿ ಕಂಬಳಿ ಹೊದ್ದು, ಹಲ್ಲು ಕಟಕಟ ಕಡಿಯುತ್ತಾ ಕೊಡದಯ್ಯ ಕೂತಿದ್ದ.

ಓಬಳನಿಗೆ ನಗು ಬಂತು. “ರಾಜ್ಯದ ಕಾವೆಲ್ಲ ನಿಮ್ಮ ಹತ್ರ. ನಡುಕವೂ ನಿಮಗೇನಾ ಅಯ್ಯಾ?”

“ಕದ್ದ ಕಾವು ಕದ್ದವನ ಮೈಗೆ ಹತ್ತೋದಿಲ್ಲ ಕಣೋ. ಕೂಡಿಡಬಹುದು, ಅಷ್ಟೆ,” ಅಂದ ಕೊಡದಯ್ಯ. “ಇದು ಹದ್ದಿನ ಮೊಟ್ಟೆ. ಮರಿಯಾದ್ರೆ ಕೊಡಗಳ ಕಾವು ಕುಡಿದು ಬೆಟ್ಟದಷ್ಟು ಬೆಳೆಯುತ್ತೆ. ಆಮೇಲೆ ಅರಸನೂ ನನ್ನ ಮುಂದೆ ಕೋಳಿಮರಿಯೇ. ಆದರೆ ಯಾರಾದ್ರೂ ಕಾವು ಕೂರಬೇಕಲ್ಲ.”

“ಮೊಟ್ಟೆನ ನಾನು ಇಲ್ಲೇ ಒದ್ದು ಒಡೆದ್ರೆ?”

“ಒಡಿ. ಹೊರಗಿಂದ ಒಡೆದ್ರೆ ಕೊಡಗಳ ಬಾಯಿ ಎಂದಿಗೂ ತೆರೆಯಲ್ಲ. ಒಳಗಿಂದ ಒಡೆದ ಸದ್ದಿಗೆ ಮಾತ್ರ ಅರಗು ಬಿಡುತ್ತೆ. ಕೂರ್ತೀಯಾ? ಮರಿಗೆ ಹೊಟ್ಟೆ ತುಂಬಿ ಮಿಕ್ಕ ಕಾವು ನಿನಗೆ. ಒಂದು ಮಾತು. ನನ್ನ ಮಂತ್ರಕ್ಕೆ ಎದುರಾಗಿ ಮೂವರು ಬರ್ತಾರೆ, ನಿನ್ನ ಎಬ್ಬಿಸೋಕೆ. ಅವರ ಮಾತಿಗೆ ಎದ್ದೆಯೋ, ಅಂಗಳದಲ್ಲಿ ಆ ಕಲ್ಲುಗಳ ಪಕ್ಕ ಕಲ್ಲಾಗಿ ನಿಲ್ತೀಯ.”

ಓಬಳ ಅಂಗಳದ ಕಲ್ಲುಗಳನ್ನು ನೋಡಿದ. ಅವನ ಅಂಗಾಲು ಆಗಲೇ ತುರಿಸುತ್ತಿತ್ತು. ಕಲ್ಲಾಗಲಿರುವ ಕೂಸು ಕಣ್ಣಿಗೆ ಬಂತು. “ಕೂರ್ತೀನಿ,” ಅಂದ.

ಅಕ್ಕ ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದ. ಹೇನು ಹತ್ತದಂತೆ ಕೆಳಗೆ ಒಲೆಯ ಬೂದಿ ಹರಡಿದ, ಮೇಲೆ ಒಣಹುಲ್ಲು ಹಾಸಿದ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಿಲ ಚೂರಿಟ್ಟ, ತನ್ನ ಊರುಗೋಲಿನ ತುದಿಯ ಕಬ್ಬಿಣ ಕಿತ್ತು ಅದರ ಪಕ್ಕದಲ್ಲಿಟ್ಟ. ಕಂಬಳಿ ಹೊದ್ದು ಮೊಟ್ಟೆಯನ್ನು ತೊಡೆಗಳ ನಡುವೆ ಅವುಚಿಕೊಂಡು ಕೂತ. ದಿನಾ ಮೊಟ್ಟೆಯನ್ನು ಮಗ್ಗುಲು ಬದಲಿಸಿದ. ಕೋಳಿ ಮೇಯಲು ಹೋದಷ್ಟೇ ಹೊತ್ತು ಎದ್ದು, ಅದು ಆರುವ ಮೊದಲೇ ಓಡಿಬಂದ. ಮರಿ ಬಲಿತ ಮೇಲೆ ಕೋಳಿ ಆ ಏಳುವುದನ್ನೂ ಬಿಡುತ್ತದೆ. ಓಬಳನೂ ಬಿಟ್ಟ. ಮೂವರೂ ಬಂದದ್ದು ಆಗಲೇ.

ಮೊದಲು ಆಳೆತ್ತರದ ಮುಂಗುಸಿ ಬಂತು. “ಏಳೋ ಓಬಳಾ!” ಅಂತು. “ಗಂಡಸು ಕಾವು ಕೂರೋದಾ? ಥೂ! ನಿನ್ನ ಓರಗೆಯವರು ನೋಡಿದ್ರೆ ಕೊಕ್ಕೊಕ್ಕೋ ಅಂತ ಹಿಂದೆ ಬೀಳ್ತಾರೆ.”

“ಬೀಳಲಿ ಬಿಡು. ಮೆಲ್ಲಗೆ ಮಾತಾಡು, ಒಳಗೆ ಕೇಳಿಸುತ್ತೆ,” ಅಂದ ಓಬಳ. ಏಳಲಿಲ್ಲ. ಮುಂಗುಸಿ ಅಂಗೈಯಷ್ಟಾಗಿ ಬಿಲ ಸೇರಿತು.

ಎರಡನೆಯದು ಸಿಡಿಲು. ಸೂರು ಸೀಳಿ ಇಳಿದು, “ಏಳು, ಇಲ್ಲಾಂದ್ರೆ ಸುಡ್ತೀನಿ,” ಅಂತು.

“ಸುಡು. ಮೊಟ್ಟೆಗೆ ಕಬ್ಬಿಣ ಇಟ್ಟಿದ್ದೀನಿ. ನನಗೆ ಇಟ್ಟುಕೊಳ್ಳೋದು ಮರೆತೆ,” ಅಂದ ಓಬಳ. ಬೆನ್ನ ತೊಗಲು ಸುಟ್ಟು ಹೊಪ್ಪಳೆದ್ದಿತು. ಏಳಲಿಲ್ಲ. ಸಿಡಿಲು ಕಬ್ಬಿಣಕ್ಕೆ ಇಳಿದು ಆರಿತು.

ಮೂರನೆಯದಾಗಿ ದಾರಿ ಬಂತು. ಅವನು ನಡೆದ ದಾರಿಯೇ ಎದ್ದು ಬಂದು ಬಾಗಿಲಲ್ಲಿ ನಿಂತಿತು. ಅದಕ್ಕೆ ಉಪ್ಪಿನ ಎತ್ತುಗಳ ಗಂಟೆಯ ಸದ್ದಿತ್ತು, ಮೊದಲ ಮಳೆ ಬಿದ್ದ ಧೂಳಿನ ವಾಸನೆಯಿತ್ತು. ಅದು ಬೈಯಲಿಲ್ಲ, ಹೆದರಿಸಲಿಲ್ಲ.

“ಓಬಳಾ, ನಾನು ಕಣೋ,” ಅಂತು. “ನೀರು ಕುಡೀತೀನಿ ಅಂತ ಬಂದೆಯಲ್ಲ, ಬಾಯಾರಿಕೆ ತೀರಿತೇನೋ?”

ಓಬಳನ ಕಾಲುಗಳು ತಾವಾಗಿಯೇ ನೆಟ್ಟಗಾದವು. ಅವನು ಕೈ ಕಚ್ಚಿಕೊಂಡ. ಕಣ್ಣಲ್ಲಿ ನೀರು ಬಂತು. ಇನ್ನೇನು ಎದ್ದ ಅನ್ನುವಾಗ ಮೊಟ್ಟೆಯೊಳಗಿಂದ ಯಾರೋ ಅವನ ತೊಡೆಗೆ ಮೆಲ್ಲಗೆ ಕುಟ್ಟಿದರು. ಟಕ್. ಮತ್ತೆ ಟಕ್.

“ಹ್ಞೂಂ ಕಣೋ, ಇದ್ದೀನಿ, ಇಲ್ಲೇ ಇದ್ದೀನಿ,” ಅಂದ ಓಬಳ ಮೊಟ್ಟೆಗೆ. ಆಮೇಲೆ ದಾರಿಗೆ ಹೇಳಿದ: “ನೀನು ಯಾವಾಗಲೂ ಇರ್ತೀಯ. ಇದಕ್ಕೆ ನಾನು ಬಿಟ್ರೆ ಯಾರೂ ಇಲ್ಲ.”

ದಾರಿ ಹೊಸ್ತಿಲಾಚೆ ನಾಯಿಯ ಹಾಗೆ ಸುತ್ತಿಕೊಂಡು ಮಲಗಿತು.

ಅವತ್ತಿಂದ ಮರಿ ಬರುವವರೆಗೂ ಓಬಳ ಮಾತು ನಿಲ್ಲಿಸಲಿಲ್ಲ. ಕಾವು ಕೂತ ಕೋಳಿ ಒಳಗಿನ ಮರಿಯ ಜೊತೆ ಗುರುಗುಟ್ಟುವ ಹಾಗೆ, ತಾನು ಕಂಡ ಊರು, ಉಂಡ ಅನ್ನ, ತಿಂದ ಬೈಗುಳ ಎಲ್ಲ ಹೇಳಿದ. ಕೊನೆಗೊಂದು ಬೆಳಿಗ್ಗೆ ಚಿಪ್ಪು ಬಿರಿಯಿತು. ಆ ಸದ್ದಿಗೆ ಕೊಡಗಳ ಅರಗೆಲ್ಲ ಪಟಪಟ ಕಳಚಿ ಬಿತ್ತು. ಒದ್ದೆ ಮೈ, ಬೋಳು ಕತ್ತು, ಮೈಗಿಂತ ದೊಡ್ಡ ಕೊಕ್ಕಿನ ಹದ್ದಿನ ಮರಿ ಹೊರಬಂತು.

“ಬಾ ಮಗನೇ! ಮೊಟ್ಟೆ ನಂದು, ನೀನು ನನ್ನವನು. ಬಂದು ಕುಡಿ!” ಅಂತ ಕೊಡದಯ್ಯ ಕೂಗಿದ.

ಮರಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅದು ಆ ದನಿ ಕೇಳಿದ್ದೇ ಇಲ್ಲ. ತೆವಳಿಕೊಂಡು ಓಬಳನ ಕಂಬಳಿಯೊಳಗೆ ನುಗ್ಗಿತು. ಕುಡಿಯುವವರಿಲ್ಲದ ಕಾವು ಕೊಡಗಳಿಂದ ಎದ್ದು ಬಾಗಿಲು ದಾಟಿ, ಹೊಂಗರಿಯ ಹಿತ್ತಿಲುಗಳ ಕಡೆ ಹೋಯಿತು. ಅಂಗಳದ ಕಲ್ಲುಗಳು ಆಕಳಿಸಿ ಮನುಷ್ಯರಾಗಿ ಮನೆ ಕಡೆ ಓಡಿದವು. ಕೊಡದಯ್ಯ ನಡುಗಿದ, ಇನ್ನೂ ನಡುಗಿದ, ನಡುಗಿ ನಡುಗಿ ತಣ್ಣೀರಾಗಿ ನೆಲದ ಮೇಲೆ ಹರಡಿಕೊಂಡ. ಆಗ ತಾನೇ ಹುಟ್ಟಿದ ಮರಿಗೆ ಬಾಯಾರಿತ್ತು. ಅದು ಕಂಬಳಿಯಿಂದ ಹೊರಗೆ ಬಂದು ಆ ನೀರು ಕುಡಿಯಿತು.

ಓಬಳ ಹಟ್ಟಿಗೆ ಬಂದಾಗ ಎಲ್ಲ ಮಂಕರಿಗಳಲ್ಲೂ ಕೋಳಿಗಳು ಕಾವು ಕೂತಿದ್ದವು. ಮನೆಮನೆಯಲ್ಲೂ ಕೂಸುಗಳು ಅಳುತ್ತಿದ್ದವು. ಇನ್ನು ಮುಂದೆ ಕೋಳಿ ಮುಳುಗಿಸಿದವರಿಗೆ ಛಡಿಯೇಟು ಅಂತ ಅರಸರು ಡಂಗುರ ಸಾರಿಸಿದ್ದರು. ಅಕ್ಕನ ಮಗಳಿಗೆ ಹೊನ್ನಿ ಅಂತ ಹೆಸರಿಟ್ಟರು. ಅವಳು ಯಾರ ಮಡಿಲಲ್ಲಿ ಅತ್ತರೂ ಸೋದರಮಾವನ ಮಡಿಲಿಗೆ ಬಂದರೆ ನಿದ್ದೆ ಹೋಗುತ್ತಿದ್ದಳು. ಅಷ್ಟು ದಿನ ಕೂತವನ ಮಡಿಲು, ಹಟ್ಟಿಯಲ್ಲೆಲ್ಲ ಅದೇ ಬೆಚ್ಚಗಿತ್ತು.

ಓಬಳನಿಗೆ ಕೂರುವುದು ಬಂದುಬಿಟ್ಟಿತ್ತು. ಬೆಳಿಗ್ಗೆ ಎದ್ದರೆ ಕಣ್ಣು ದಾರಿಗೆ ಹೋಗುತ್ತಿರಲಿಲ್ಲ. ಅಕ್ಕನ ಹಿತ್ತಿಲಲ್ಲಿ ಒಂದು ಗುಡಿಸಲು ಹಾಕೋಣ ಅಂತ ಕಂಬಕ್ಕೆ ಗುಣಿಯನ್ನೂ ತೋಡಿದ. ಕಪ್ಪೆ, ಇಲಿ ಹಿಡಿದು ಮರಿಗೆ ತಿನ್ನಿಸಿದ. ಮರಿ ಅವನ ಹಿಂದೆ ಕುಪ್ಪಳಿಸುತ್ತಿತ್ತು. ಅದರ ನೆರಳು ಬಿದ್ದಲ್ಲಿ ತಾಯಿಕೋಳಿಗಳು ಕಿರುಚಿ ಪಿಳ್ಳೆಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತಿದ್ದವು.

ಒಂದು ದಿನ ಹಟ್ಟಿಯ ಯಜಮಾನ ಕೆಂಗಪ್ಪ ನಾಲ್ಕು ಜನರ ಜೊತೆ ಬಂದ. “ಓಬಳಾ, ನಿನ್ನ ಉಪಕಾರ ದೊಡ್ಡದು. ಆದರೆ ಹದ್ದು ಹದ್ದೇ ಅಲ್ವೇನಪ್ಪಾ?”

“ಇದುವರೆಗೂ ಒಂದು ಪಿಳ್ಳೆ ಮುಟ್ಟಿಲ್ಲ ಯಜಮಾನ್ರೇ. ಕಪ್ಪೆ ತಿನ್ನುತ್ತೆ.”

“ಇವತ್ತು ಕಪ್ಪೆ,” ಅಂದ ಕೆಂಗಪ್ಪ. “ನಾವೇನು ನಿನ್ನ ಹೋಗು ಅಂತಿದ್ದೀವಾ? ಅದರ ಕತ್ತು ಮುರಿಯೋಣ. ನೀನು ಇರು.”

“ನನ್ನ ಕೈಲಿ ಆಗಲ್ಲ.”

“ಅವನಿಗೆ ಕಾವು ಹಿಡಿದಿದೆ,” ಅಂದರು ಹಿಂದಿನವರು. “ಕಾವು ಬಿಡಿಸಿದ್ರೆ ಸರಿಹೋಗ್ತಾನೆ.”

ಮಾಳವ್ವ ಒಳಗಿಂದ ಬಂದಳು. ಎರಡೂ ಕೈಯಲ್ಲಿ ಬಾನಿ ಹಿಡಿದಿದ್ದಳು. ತುಂಬಿದ ತಣ್ಣೀರು ತುಳುಕುತ್ತಿತ್ತು. ಸೆರಗಿನ ತುದಿಗೆ ಒಂದು ಪುಕ್ಕ ಸಿಕ್ಕಿಸಿಕೊಂಡಿದ್ದಳು.

“ತಪ್ಪು ತಿಳೀಬೇಡ ಕಣೋ,” ಅಂದಳು. “ನಂಗೂ ಕೋಳಿ ಮೇಲೇ ಬದುಕು. ಕಣ್ಣುಮುಚ್ಚಿ ಒಂದು ಸಲ ತಲೆ ಮುಳುಗಿಸು. ನಾಲ್ಕು ದಿನ ಪೆಚ್ಚಾಗಿರುತ್ತೆ, ಆಮೇಲೆ ನೆನಪೂ ಇರಲ್ಲ. ಕೋಳಿಗೆ ಇರ್ತಿತ್ತಾ?”

ಓಬಳ ಬಾನಿಯನ್ನು ನೋಡಿದ, ಅಕ್ಕನ ಮುಖ ನೋಡಿದ. ಕಂಬಳಿಯ ಅಂಚಿನಿಂದ ಮರಿ ಬೋಳು ಕತ್ತು ಚಾಚಿ ಅವನನ್ನೇ ನೋಡುತ್ತಿತ್ತು.

“ಆಮೇಲೆ ಆ ನೀರನ್ನ ಯಾರಿಗೆ ಹಾಕ್ತೀಯಕ್ಕಾ?”

ಮಾಳವ್ವ ಬಾನಿಯನ್ನು ಕೆಳಗಿಳಿಸಲಿಲ್ಲ.

ಓಬಳ ಎದ್ದ. ತೋಡಿದ ಗುಣಿಗೆ ಕಾಲಲ್ಲೇ ಮಣ್ಣು ನೂಕಿ ತುಳಿದ. ಕಂಬಳಿ ಕೊಡವಿ ಮಡಚಿದ. ಕಬ್ಬಿಣದ ತುಂಡನ್ನು ಸೊಂಟಕ್ಕೆ ಸಿಕ್ಕಿಸಿದ. ಹೊಂಗರಿಯಲ್ಲಿ ಆಮೇಲೆ ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಕೋಳಿಗಳು ಮರಿ ಮಾಡಿದವು, ಕೂಸುಗಳು ಬೆಳೆದವು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಆವತ್ತು ಮಾತ್ರ ಒಳಗೆ ತೊಟ್ಟಿಲಲ್ಲಿ ಹೊನ್ನಿ ಎದ್ದು ಅಳತೊಡಗಿದಳು. ಎಷ್ಟು ತೂಗಿದರೂ ನಿಲ್ಲಿಸಲಿಲ್ಲ.

“ಕೂಸಿನ ದನಿ ಎಷ್ಟು ಗಟ್ಟಿ ನೋಡಿ!” ಅಂತ ಅಂಗಳದಲ್ಲಿದ್ದವರು ಹಿಗ್ಗಿದರು.

ಓಬಳ ಹಳೆಯ ಮಂಕರಿಯೊಂದರ ತಳಕ್ಕೆ ಬೂದಿ ಉದುರಿಸಿದ, ಮೇಲೆ ಹುಲ್ಲು ಹಾಸಿದ, ಮರಿಯನ್ನೆತ್ತಿ ಕೂರಿಸಿದ. ಅವನ ಹಿಂದೆಯೇ ಬಂದು ಬೇಲಿಯಾಚೆ ಮಲಗಿದ್ದ ದಾರಿ ತಲೆಯೆತ್ತಿ ನೋಡಿತು. ಅವನು ಅದರ ಕಡೆ ನೋಡದೆ, ಮಂಕರಿಯನ್ನು ಬೆನ್ನಿಗೇರಿಸಿ, ಹಲ್ಲಲ್ಲಿ ಕಚ್ಚಿ ಹಗ್ಗದ ಗಂಟು ಬಿಗಿದ.