ಬಿಳಿ ಕಾಗೆಗೆ ಹೂಂ ಅಂದ ಊರು

ಏಳು ಬೆಟ್ಟ ದಾಟಿ, ಎಂಟನೆಯದರ ಬೆನ್ನಿಗೆ ಒಂದಾನೊಂದು ಕಾಲದಲ್ಲಿ ತಲೆದೂಗಪುರವೆಂಬ ರಾಜ್ಯವಿತ್ತು. ಅಲ್ಲಿನ ಉಪ್ಪಿನಕಾಯಿ ಭರಣಿ ಎಷ್ಟು ದೊಡ್ಡದೆಂದರೆ, ಪಟ್ಟದಾನೆ ಈಜು ಕಲಿತದ್ದೇ ಅದರೊಳಗೆ. ಹೂಂ ಅನ್ನಿ, ಕತೆ ಮುಂದೆ ಹೋಗಲಿ.

ಆ ಊರಿನ ಪದ್ಧತಿಯೂ ಅದೇ. ಸಿಂಹಾಸನದ ಕಡೆಯಿಂದ ಏನು ಮಾತು ಬಂದರೂ ಸಭೆಯೆಲ್ಲ ಹೂಂಗುಟ್ಟಬೇಕು. ಇದನ್ನು ಕಂಡ ಮಾಂತ್ರಿಕ ಧೂಮಕಂಠ ರಾಜನ ಪಕ್ಕದಲ್ಲೇ ಪೀಠ ಹಾಕಿಸಿಕೊಂಡ. ಊರೆಲ್ಲ ಹೂಂ ಅಂದರೆ ಸಾಕು, ಅವನಾಡಿದ್ದು ನಿಜವಾಗುತ್ತಿತ್ತು. "ಕಾಗೆ ಬಿಳಿ" ಅಂದ. "ಹೂಂ." ಕಾಗೆ ಬೆಳ್ಳಗಾಯಿತು.

"ಕಪ್ಪಲ್ವಾ?" ಅಂದವನು ಬುಟ್ಟಿ ಹೆಣೆಯುವ ಗಿಡ್ಡಯ್ಯ ಒಬ್ಬನೇ.

"ಇವನು ಕರಡಿ!" ಅಂದ ಧೂಮಕಂಠ. ಊರು ಹೂಂ ಅಂದಿತು. ಪಕ್ಕದಲ್ಲಿದ್ದ ತಂಗಿ ಕೆಂಚವ್ವನ ಬಾಯಿಂದಲೂ ಹೂಂ ಜಾರಿಬಿಟ್ಟಿತು. ಅಣ್ಣನ ಮೈತುಂಬ ಕೂದಲೆದ್ದಿತು.

"ಇನ್ನು ಮೂರನೇ ಸಭೆಗೆ ಇವನನ್ನ ನನ್ನ ಕಾಲೊರಸು ಮಾಡ್ತೀನಿ."

ಮೊದಲ ಸಭೆಯಲ್ಲಿ ಬೇಡವೆನ್ನಲು ಕೆಂಚವ್ವ ಬಾಯಿ ತೆರೆದಳು. ಸುತ್ತಲಿನ ಹೂಂ ಕೇಳಿ ಮತ್ತೆ ಮುಚ್ಚಿಕೊಂಡಳು. ಎರಡನೆಯದರಲ್ಲಿ "ಊಹೂಂ" ಅಂದೇಬಿಟ್ಟಳು.

"ಇವಳ ಮೂಗು ಬದನೆಕಾಯಿ!"

"ಹೂಂ."

ತೊಟ್ಟಿನ ಸಮೇತ ಬದನೆಕಾಯಿ ಹೊತ್ತು ಅವಳು ನೆರೆಮನೆಯ ತಿಮ್ಮಜ್ಜಿಯ ಮುಂದೆ ಕೂತಳು.

"ನಿಜ ಹೇಳಜ್ಜಿ. ನಂದು ಬದನೆಕಾಯಿ ಮೂಗಾ?"

"ಬೆಳಿಗ್ಗೆ ಚೆಂದದ ಮೂಗೇ ಇತ್ತು ಕಣೆ. ಎಲ್ಲಾರೂ ಹೂಂ ಅಂದ್ರು, ನಂದೊಂದು ಯಾಕೆ ಬೇರೆ ಅಂತ…"

"ಎಲ್ಲಾರೂ ಹಿಂಗೇ ಅಂದ್ಕೊಂಡಿದ್ರೆ?"

ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು.

ಮೂರನೇ ಸಭೆ. ಧೂಮಕಂಠ ಕಾಲೆತ್ತಿ ಗುಡುಗಿದ: "ಇದು ಕರಡಿಯಲ್ಲ, ಕಾಲೊರಸು!"

"ಊಹೂಂ!" ಅಂದಳು ಕೆಂಚವ್ವ. ಮೂಗಿನ ತೊಟ್ಟು ನಡುಗುತ್ತಿತ್ತು.

"ಒಂಟಿ ಗುಬ್ಬಿ ಚಿಲಿಪಿಲಿ!" ಅಂತ ಅವನು ನಕ್ಕ. ಆಗ ಹಿಂದಿನಿಂದ ಒಂದು ಬೊಚ್ಚುಬಾಯಿ ಹೇಳಿತು: "ಊಹೂಂ ಕಣಯ್ಯ."

ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು. ಅಗಸನೊಬ್ಬ ಊಹೂಂ ಅಂದ, ಆಮೇಲೆ ಕಾವಲುಗಾರ. ಕೊನೆಗೆ ರಾಜನೇ ಮೆಲ್ಲಗೆ ಕೇಳಿದ, "ನಾನೂ ಅನ್ನಬಹುದಾ?"

"ಅನ್ನಿ ಬುದ್ಧಿ, ಯಾರು ಬೇಡ ಅಂದೋರು?" ಅಂದಳು ತಿಮ್ಮಜ್ಜಿ.

"ಊಹೂಂ!" ಅಂತ ಊರೆಲ್ಲ ಒಟ್ಟಿಗೆ ಅಂದ ಅಬ್ಬರಕ್ಕೆ ಕಾಗೆ ಕಪ್ಪಾಯಿತು, ಮೂಗು ಮೂಗಾಯಿತು, ಕರಡಿ ಅಣ್ಣನಾಗಿ ತಂಗಿಯನ್ನು ತಬ್ಬಿಕೊಂಡಿತು.

"ನಾನು ಮಹಾಮಾಂತ್ರಿಕ!" ಅಂತ ಧೂಮಕಂಠ ಕಿರುಚಿದ.

"ಊಹೂಂ!"

ಟುಸ್ಸೆಂದು ಗಾಳಿ ಹೋಗಿ, ಅವನು ಗಿಡ್ಡಯ್ಯನ ಬುಟ್ಟಿಯೊಳಗೆ ಹಿಡಿಯುವಷ್ಟಾದ. ಈಗ ಗಿಡ್ಡಯ್ಯನಿಗೇ ಬಿದಿರು ಸೀಳಿಕೊಡುತ್ತಾನೆ, ಕೆಲಸ ಪರವಾಗಿಲ್ಲವಂತೆ.

ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಸುಖ. ಅಲ್ಲಿ ಯಾರೂ ಕೇಳಿನೋಡದೆ ಹೂಂ ಅನ್ನುವುದಿಲ್ಲ.

ಅಂದಹಾಗೆ, ಭರಣಿಯಲ್ಲಿ ಆನೆ ಈಜಿತು ಅಂದಾಗ ನೀವೇನಂದಿರಿ?